‘ಅಲ್ಲ’ ಮತ್ತು ಶುಂಠಿ: ಹೆಸರಿನ ಭೇದ, ಗುಣದ ಭೇದ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೇ ಗಡ್ಡೆಗೆ ಎರಡು ಹೆಸರುಗಳುಂಟು. ಹಸಿಯಾಗಿದ್ದಾಗ ಅದನ್ನು ‘ಅಲ್ಲ’ ಎಂದು ಕರೆಯುತ್ತಾರೆ. ಒಣಗಿದ ಮೇಲೆ ಅದೇ ಶುಂಠಿಯೆನಿಸಿಕೊಳ್ಳುತ್ತದೆ. ಚಹಕ್ಕೆ ಜಜ್ಜಿ ಹಾಕುವುದಕ್ಕೂ ಚಟ್ನಿಗೆ ಅರೆಯುವುದಕ್ಕೂ ಹಸಿಯ ‘ಅಲ್ಲ’ವೇ ಬೇಕು. ಕಷಾಯಕ್ಕೆ ಕುಟ್ಟುವುದಕ್ಕೆ, ತಲೆನೋವೆಂದಾಗ ತೇಯ್ದು ಹಣೆಗೆ ಹಚ್ಚುವುದಕ್ಕೆ, ಬಾಣಂತಿಯ ಉಂಡಿಗೆ ಬೆರೆಸುವುದಕ್ಕೆ ಒಣಶುಂಠಿಯೇ ಬೇಕು. ಒಂದು ತೀರಿದಾಗ ಮತ್ತೊಂದನ್ನು ಹಾಕಿದರಾಯಿತೆಂದು ಹಿರಿಯ ಗೃಹಿಣಿಯರು ಭಾವಿಸುವುದಿಲ್ಲ.

ಈ ಎರಡು ಹೆಸರುಗಳ ವ್ಯವಸ್ಥೆ ಧಾರವಾಡದ ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ತೆಲುಗಿನಲ್ಲಿ ಹಸಿಯದು ಅಲ್ಲಂ, ಒಣಗಿದುದು ಶೊಂಠಿ. ಮರಾಠಿಯಲ್ಲಿ ಆಲೆ ಮತ್ತು ಸುಂಠ. ಹಿಂದಿಯಲ್ಲಿ ಅದರಕ್ ಮತ್ತು ಸೋಂಠ್. ಸಂಸ್ಕೃತದಲ್ಲಿ ಆರ್ದ್ರಕ ಮತ್ತು ಶುಂಠೀ. ಆರ್ದ್ರಕವೆಂದರೆ ತೇವವುಳ್ಳದ್ದು, ಶುಂಠಿಯೆಂಬ ಪದವನ್ನಾದರೋ ವೈಯಾಕರಣರು ಒಣಗು ಎಂಬರ್ಥದ ಧಾತುವಿನಿಂದ ಸಾಧಿಸುತ್ತಾರೆ. ಮೈಸೂರು ಸೀಮೆಯಲ್ಲಿ ಎರಡಕ್ಕೂ ಶುಂಠಿಯೆಂದೇ ಹೆಸರಾದರೂ ಹಸಿ, ಒಣ ಎಂಬ ವಿಶೇಷಣಗಳಿಂದ ಭೇದವನ್ನು ಕಾಪಾಡಿಕೊಂಡಿದ್ದಾರೆ. ಹೀಗೆ ಹಲವು ಭಾಷೆಗಳ ಜನರು ನೂರಾರು ವರ್ಷ ಉಳಿಸಿಕೊಂಡು ಬಂದ ಭೇದವೊಂದಕ್ಕೆ ಆಧಾರವೇನಾದರೂ ಇರಬೇಕಷ್ಟೆ. ಆ ಆಧಾರವು ನೀರಿನ ಒಂದು ಅಣುವಿನಲ್ಲಿದೆಯೆಂಬುದು ಆಧುನಿಕ ರಸಾಯನಶಾಸ್ತ್ರ ತಿಳಿಸಿಕೊಟ್ಟ ಸಂಗತಿ.

ಹೆಸರುಗಳ ಹಿನ್ನೆಲೆ

ಸಂಸ್ಕೃತದಲ್ಲಿ ಇದಕ್ಕೆ ಶೃಂಗವೇರ ಎಂಬ ಹೆಸರೂ ಉಂಟು. ಗಡ್ಡೆಯ ಕವಲುಗಳು ಕೊಂಬಿನಂತೆ ಇರುವುದರಿಂದ ಈ ಹೆಸರೆಂದು ಸಾಮಾನ್ಯವಾಗಿ ಅರ್ಥ ಹೇಳುವುದುಂಟು. ಆದರೆ ಭಾಷಾಶಾಸ್ತ್ರಜ್ಞರಲ್ಲಿ ಹಲವರು ಇದರ ಮೂಲವನ್ನು ದ್ರಾವಿಡದಲ್ಲಿ ಹುಡುಕಿದ್ದಾರೆ. ತಮಿಳು, ಮಲಯಾಳಗಳ ‘ಇಂಜಿ’ ಮತ್ತು ಬೇರು ಎಂಬರ್ಥದ ‘ವೇರ್’ ಕೂಡಿ ಆದ ಪದ ಪ್ರಾಕೃತ-ಪಾಲಿಗಳ ಮೂಲಕ ಸಂಸ್ಕೃತಕ್ಕೆ ಹೋಗಿ ಶೃಂಗವೇರವಾಯಿತೆಂಬುದು ಅವರ ಮತ. ಆ ‘ವೇರ್’ ಕನ್ನಡದ ‘ಬೇರು’ ಪದಕ್ಕೆ ಸೋದರ. ಇದೇ ಪದ ವ್ಯಾಪಾರದ ಹಾದಿಯಲ್ಲಿ ಗ್ರೀಕರಿಗೆ, ರೋಮನರಿಗೆ ತಲುಪಿ ‘ಜಿಂಜಿಬರ್’ ಎನಿಸಿತು. ಇಂಗ್ಲಿಷಿನ ‘ಜಿಂಜರ್’ ಅದರಿಂದಲೇ ಬಂದುದು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಿಂಜಿಬರ್ ಅಫಿಸಿನೇಲ್. 1807ರಲ್ಲಿ ವಿಲಿಯಂ ರಾಸ್ಕೋ ಈ ಹೆಸರನ್ನು ಸ್ಥಿರಗೊಳಿಸಿದನು. ಇದರ ಉತ್ತರಪದಕ್ಕೊಂದು ಸ್ವಾರಸ್ಯವಿದೆ. ಯುರೋಪಿನ ಸಂನ್ಯಾಸಿಮಠಗಳಲ್ಲಿ ಔಷಧಗಳನ್ನೂ ಇತರ ಸಾಮಗ್ರಿಗಳನ್ನೂ ಕೂಡಿಡುತ್ತಿದ್ದ ಉಗ್ರಾಣಕ್ಕೆ ‘ಅಫಿಸಿನಾ’ ಎಂದು ಹೆಸರಿತ್ತು. ಆ ಉಗ್ರಾಣದಲ್ಲಿ ಸ್ಥಾನ ಪಡೆದ ಸಸ್ಯಗಳಿಗೆ ‘ಅಫಿಸಿನೇಲ್’ ಎಂಬ ವಿಶೇಷಣ ಸಂದಿತು. ಮಠ ಮತ್ತು ಔಷಧ ಇವುಗಳ ನಂಟು ಪೂರ್ವ-ಪಶ್ಚಿಮಗಳೆರಡರಲ್ಲಿಯೂ ಹಳೆಯದೆಂಬುದಕ್ಕೆ ಈ ಹೆಸರೇ ಸಾಕ್ಷಿ.

ವೈದ್ಯಗ್ರಂಥಗಳ ನೋಟ

ಆಯುರ್ವೇದದಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಈ ಮೂರನ್ನು ಕೂಡಿಸಿ ತ್ರಿಕಟುವೆನ್ನುತ್ತಾರೆ. ಶುಂಠಿಗೆ ನಾಗರ, ಮಹೌಷಧ, ವಿಶ್ವಭೇಷಜ ಮೊದಲಾದ ಪರ್ಯಾಯನಾಮಗಳಿವೆ. 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಶುಂಠಿ ಮತ್ತು ಆರ್ದ್ರಕಗಳ ಗುಣಗಳನ್ನು ಬೇರೆಬೇರೆಯಾಗಿಯೇ ಹೇಳಿದ್ದಾನೆ. ಆತನ ಪ್ರಕಾರ ಶುಂಠಿ ಲಘು ಮತ್ತು ಸ್ನಿಗ್ಧ. ಆರ್ದ್ರಕವು ಗುರು ಮತ್ತು ರೂಕ್ಷ. ಎರಡೂ ಉಷ್ಣ, ಎರಡೂ ಜಠರಾಗ್ನಿಗೆ ಹಿತ. ಊಟಕ್ಕೆ ಮೊದಲು ಹಸಿಯದನ್ನು ಉಪ್ಪಿನೊಡನೆ ತಿನ್ನುವುದು ಪಥ್ಯವೆಂದೂ ಆತ ಹೇಳುತ್ತಾನೆ.

ಇಷ್ಟನ್ನು ಎಲ್ಲರೂ ಉದ್ಧರಿಸುತ್ತಾರೆ. ಅಲ್ಲಿಯೇ ಬರುವ ನಿಷೇಧವನ್ನು ಸ್ಮರಿಸುವವರು ಕಡಿಮೆ. ಕುಷ್ಠ, ಪಾಂಡು, ಮೂತ್ರಕೃಚ್ಛ್ರ, ರಕ್ತಪಿತ್ತ, ವ್ರಣ, ಜ್ವರ, ದಾಹ ಇವುಗಳಲ್ಲಿಯೂ ಬೇಸಗೆ ಮತ್ತು ಶರತ್ಕಾಲಗಳಲ್ಲಿಯೂ ಆರ್ದ್ರಕವು ಹಿತವಲ್ಲವೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ವಿಶ್ವಭೇಷಜವೆಂಬ ಹೆಸರನ್ನು ಹೇಳಿದ ಗ್ರಂಥವೇ ಆ ದ್ರವ್ಯವನ್ನು ಯಾರು, ಯಾವಾಗ ಬಿಡಬೇಕೆಂಬುದನ್ನೂ ಹೇಳಿದೆ. ಹೆಸರು ಪ್ರಶಂಸೆಯ ಮಾತು; ಪ್ರಯೋಗಕ್ಕೆ ಬೇಕಾದುದು ವಿವೇಕ. ಈ ವಿವೇಕವು ಮುಂದಿನ ವಿಚಾರಕ್ಕೆಲ್ಲ ಅಗತ್ಯವಾದುದು.

ಕನ್ನಡದಲ್ಲಿ ವೈದ್ಯವಾಙ್ಮಯ ಕಡಿಮೆಯದಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನು ವೃತ್ತಿಯ ಪರಿಭಾಷೆಯನ್ನೇ ಅನುಭಾವದ ಪರಿಭಾಷೆಯನ್ನಾಗಿ ಮಾಡಿಕೊಂಡವನು. ರೋಗವನ್ನರಿಯದೆ ಔಷಧವಿಲ್ಲ, ಪಥ್ಯವನ್ನು ಬಿಟ್ಟು ಗುಣವಿಲ್ಲವೆಂಬ ತಿಳಿವು ಜನರಲ್ಲಿ ಬೇರೂರಿದ್ದುದರಿಂದಲೇ ಅಂತಹ ಪರಿಭಾಷೆ ಕೇಳುವವರಿಗೆ ಅರ್ಥವಾಗುತ್ತಿತ್ತು.

ಬೆಳೆ ಮತ್ತು ತಳಿ

ಧಾರವಾಡವು ಮಲೆನಾಡೂ ಬೆಳವಲವೂ ಕೂಡುವ ಎಡೆ. ಪೂರ್ವದ ಕಪ್ಪುನೆಲ ಶುಂಠಿಗೆ ಒಗ್ಗುವುದಿಲ್ಲ. ಮಳೆ ಹೆಚ್ಚು ಬೀಳುವ, ನೀರು ನಿಲ್ಲದೆ ಬಸಿದುಹೋಗುವ ಪಶ್ಚಿಮದ ನೆಲ ಅದಕ್ಕೆ ಬೇಕು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನಲ್ಲಿ, ಅದರಾಚೆ ಶಿವಮೊಗ್ಗ, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಲ್ಲಿ ಇದು ಮುಖ್ಯವಾದ ಹಣದ ಬೆಳೆ. ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳಲ್ಲಿ ನೆಟ್ಟ ಗಡ್ಡೆ ಎಂಟು-ಒಂಬತ್ತು ತಿಂಗಳಿಗೆ ಪೂರ್ಣ ಬಲಿಯುತ್ತದೆ. ನೀರು ನಿಂತರೆ ಕೊಳೆರೋಗ ತಗಲಿ ಬೆಳೆಗೆ ಬೆಳೆಯೇ ಹಾಳಾಗುವುದುಂಟು.

ಒಕ್ಕಲಿಗನಿಗೂ ಹಸಿ-ಒಣಗಳ ಭೇದ ಚೆನ್ನಾಗಿ ಗೊತ್ತು. ಹಸಿಯಾಗಿ ಮಾರುವುದಕ್ಕೆ ರಸತುಂಬಿದ ರಿಯೊ ಡಿ ಜನೈರೊ ತಳಿ ಒಳ್ಳೆಯದು. ಒಣಗಿಸುವುದಕ್ಕೆ ಮಾರನ್ ತಳಿ ಹೆಸರಾದುದು. ಹಸಿ ಗಡ್ಡೆಯಲ್ಲಿ ನೂರಕ್ಕೆ 80ರಷ್ಟು ನೀರೇ ಇರುತ್ತದೆ. 100 ಕಿಲೋ ಗಡ್ಡೆಯನ್ನು ಒಣಗಿಸಿದರೆ 20ರಿಂದ 25 ಕಿಲೋ ಶುಂಠಿ ದೊರೆಯುತ್ತದೆ. ಆದರೆ ಒಣಗುವಾಗ ಹೋಗುವುದು ಈ ಹೊರಗಿನ ನೀರು ಮಾತ್ರವಲ್ಲ. ಗಡ್ಡೆಯೊಳಗಿನ ಖಾರದ ದ್ರವ್ಯದಿಂದಲೂ ನೀರು ಹೊರಡುತ್ತದೆ.

ನೀರಿನ ಒಂದು ಅಣು

ಶುಂಠಿಯಲ್ಲಿ ಎರಡು ಬಗೆಯ ದ್ರವ್ಯಗಳಿವೆ. ಒಂದು, ಕಂಪನ್ನು ಕೊಡುವ ಆವಿಶೀಲ ತೈಲ. ಇದರಲ್ಲಿ ಜಿಂಜಿಬೆರೀನ್ ಮುಖ್ಯವಾದುದು. ಒಣಶುಂಠಿಯಲ್ಲಿ ಈ ತೈಲ ನೂರಕ್ಕೆ 1ರಿಂದ 3ರಷ್ಟಿರುತ್ತದೆ. ಇನ್ನೊಂದು, ಖಾರವನ್ನು ಕೊಡುವ ದ್ರವ್ಯ. ಇದು ಆವಿಯಾಗಿ ಹೋಗುವುದಿಲ್ಲ. 1879ರಲ್ಲಿ ಇಂಗ್ಲೆಂಡಿನ ಜಾನ್ ಕ್ಲಫ್ ಥ್ರೆಶ್ ಎಂಬಾತನು ಈ ಖಾರದ ಅಂಶವನ್ನು ಬೇರ್ಪಡಿಸಿ ಅದಕ್ಕೆ ಜಿಂಜೆರಾಲ್ ಎಂದು ಹೆಸರಿಟ್ಟನು. ಜಿಂಜೆರಾಲ್ ಒಂದೇ ಅಲ್ಲ, ಒಂದು ಕುಟುಂಬ; ಅದರಲ್ಲಿ 6-ಜಿಂಜೆರಾಲ್ ಎಂಬುದು ಹಸಿ ಗಡ್ಡೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುತ್ತದೆ.

6-ಜಿಂಜೆರಾಲಿನ ಒಂದು ಅಣುವಿನಲ್ಲಿ 17 ಇಂಗಾಲ, 26 ಜಲಜನಕ ಮತ್ತು 4 ಆಮ್ಲಜನಕ ಪರಮಾಣುಗಳಿವೆ. ಗಡ್ಡೆಯನ್ನು ಒಣಗಿಸಿದಾಗ ಅಥವಾ ಕಾಸಿದಾಗ ಈ ಅಣುಗಳಲ್ಲಿ ಒಂದು ಭಾಗ ಎರಡು ಜಲಜನಕ ಪರಮಾಣುಗಳನ್ನೂ ಒಂದು ಆಮ್ಲಜನಕ ಪರಮಾಣುವನ್ನೂ ಕಳೆದುಕೊಳ್ಳುತ್ತದೆ. ಎರಡು ಜಲಜನಕ, ಒಂದು ಆಮ್ಲಜನಕವೆಂದರೆ ನೀರಿನ ಒಂದು ಅಣು. ಉಳಿಯುವುದು 17 ಇಂಗಾಲ, 24 ಜಲಜನಕ, 3 ಆಮ್ಲಜನಕಗಳ ಬೇರೊಂದು ದ್ರವ್ಯ. ಇದಕ್ಕೆ ಶೋಗಾವೋಲ್ ಎಂದು ಹೆಸರು. ಜಪಾನೀ ಭಾಷೆಯಲ್ಲಿ ಶುಂಠಿಯನ್ನು ‘ಶೋಗಾ’ ಎನ್ನುವುದರಿಂದ ಬಂದುದು. ಹಸಿ ಗಡ್ಡೆಯಲ್ಲಿ ಶೋಗಾವೋಲ್ ಅತ್ಯಲ್ಪ. ಒಣಶುಂಠಿಯಲ್ಲಿ ಅದು ಗಣನೀಯವಾಗಿರುತ್ತದೆ. ಖಾರದಲ್ಲಿ ಜಿಂಜೆರಾಲಿನ ಸುಮಾರು ಎರಡೂವರೆ ಪಟ್ಟು.

ಇನ್ನು ಹಸಿಯದನ್ನು ಅಡಿಗೆಯಲ್ಲಿ ಬೇಯಿಸಿದಾಗ ಜಿಂಜೆರಾಲಿನ ಮತ್ತೊಂದು ಭಾಗ ಒಡೆದು ಜಿಂಜೆರೋನ್ ಎಂಬ ಮೂರನೆಯ ದ್ರವ್ಯವಾಗುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿರೋಷಿ ನೊಮುರಾ 1917ರಲ್ಲಿ ಇದನ್ನು ಬೇರ್ಪಡಿಸಿದನು. ಇದರ ಖಾರ ಸೌಮ್ಯ, ಕಂಪು ಸಿಹಿ. ಹಸಿ ಶುಂಠಿಯನ್ನು ಕಚ್ಚಿದರೆ ಚುರುಗುಟ್ಟುವುದು, ಬೇಯಿಸಿದರೆ ಮೆತ್ತಗಾಗುವುದು, ಒಣಗಿಸಿದರೆ ಗಂಟಲಿನವರೆಗೂ ಸುಡುವುದು ಏಕೆಂಬುದಕ್ಕೆ ಇದೇ ವಿವರಣೆ. ಆರ್ದ್ರಕ, ಶುಂಠಿಯೆಂಬ ಎರಡು ಹೆಸರುಗಳನ್ನಿಟ್ಟವರಿಗೆ ಅಣುವಿನ ಕಲ್ಪನೆಯಿರಲಿಲ್ಲ. ಆದರೆ ನಾಲಿಗೆಯೂ ಹೊಟ್ಟೆಯೂ ತಿಳಿಸಿದ ಭೇದವನ್ನು ಅವರು ನಿರ್ಲಕ್ಷಿಸಲಿಲ್ಲ, ಹೆಸರಿನಲ್ಲಿಯೇ ಹಿಡಿದಿಟ್ಟರು.

ಉಷ್ಣವೆಂಬ ಅನುಭವ

ಶುಂಠಿಯನ್ನು ಉಷ್ಣವೆನ್ನುವುದಕ್ಕೂ ಒಂದು ಶಾರೀರಿಕ ಆಧಾರವಿದೆ. ಬಿಸಿ ತಾಗಿದುದನ್ನು ಮೆದುಳಿಗೆ ತಿಳಿಸುವ ನರತಂತುಗಳ ತುದಿಯಲ್ಲಿ ಒಂದು ಬಗೆಯ ಸೂಕ್ಷ್ಮದ್ವಾರಗಳಿವೆ. ಅಮೆರಿಕೆಯ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಗುರುತಿಸಿದರು. 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್‌ಗೆ ಪಾಲು ದೊರೆತದ್ದು ಈ ಬಗೆಯ ಶೋಧಕ್ಕಾಗಿ. ಮೆಣಸಿನಕಾಯಿಯ ಖಾರವೂ ಇದೇ ದ್ವಾರವನ್ನು ತೆರೆಯುತ್ತದೆ, ಜಿಂಜೆರಾಲ್ ಮತ್ತು ಶೋಗಾವೋಲ್‌ಗಳೂ ತೆರೆಯುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಖಾರದ ಅಣುವಿಗೂ ಶುಂಠಿಯ ಅಣುವಿಗೂ ರಚನೆಯಲ್ಲಿ ಒಂದು ಸಮಾನ ಭಾಗವಿರುವುದೇ ಇದಕ್ಕೆ ಕಾರಣ. ವಸ್ತು ತಣ್ಣಗಿದ್ದರೂ ದೇಹವು ಅದನ್ನು ಕಾವೆಂದು ಗ್ರಹಿಸುತ್ತದೆ.

ಪರೀಕ್ಷೆಯಲ್ಲಿ ನಿಂತ ಗುಣಗಳು

ಔಷಧವೆಂದ ಮೇಲೆ ಅದು ರೋಗಿಗಳಲ್ಲಿ ಏನು ಮಾಡುತ್ತದೆಂಬುದೇ ಮುಖ್ಯ ಪ್ರಶ್ನೆ. ಇದನ್ನು ತಿಳಿಯಲು ಒಂದು ಗುಂಪಿಗೆ ಶುಂಠಿಯನ್ನೂ ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ ನಿಸ್ಸಾರವಾದ ಗುಳಿಗೆಯನ್ನೂ ಕೊಟ್ಟು ಹೋಲಿಸುವರು. ಈ ಬಗೆಯ ಪರೀಕ್ಷೆಗಳಲ್ಲಿ ಶುಂಠಿಯ ಒಂದು ಗುಣ ಚೆನ್ನಾಗಿ ನಿಂತಿದೆ. ಅದು ವಾಕರಿಕೆಯನ್ನು ತಗ್ಗಿಸುವುದು.

ಥೈಲೆಂಡಿನಲ್ಲಿ 70 ಗರ್ಭಿಣಿಯರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದಿನಕ್ಕೆ 1 ಗ್ರಾಂ ಶುಂಠಿಯನ್ನು ನಾಲ್ಕು ದಿನ ಕೊಡಲಾಯಿತು. ಶುಂಠಿ ಪಡೆದವರಲ್ಲಿ ವಾಕರಿಕೆಯೂ ವಾಂತಿಯೂ ಸ್ಪಷ್ಟವಾಗಿ ಕಡಿಮೆಯಾದವು. ಅಮೆರಿಕೆಯಲ್ಲಿ ಕ್ಯಾನ್ಸರ್ ಔಷಧ ಪಡೆಯುತ್ತಿದ್ದ 576 ರೋಗಿಗಳನ್ನೊಳಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನವು ಇನ್ನೂ ಬೋಧಪ್ರದವಾದುದು. ಅವರೆಲ್ಲರೂ ವಾಂತಿ ನಿಲ್ಲಿಸುವ ವಾಡಿಕೆಯ ಔಷಧಗಳನ್ನು ತೆಗೆದುಕೊಳ್ಳುತ್ತಲೇ ಇದ್ದರು. ಶುಂಠಿಯನ್ನು ಅದರ ಜೊತೆಗೆ ಕೊಡಲಾಯಿತು. ದಿನಕ್ಕೆ ಅರ್ಧ ಗ್ರಾಂ, 1 ಗ್ರಾಂ, ಒಂದೂವರೆ ಗ್ರಾಂ ಈ ಮೂರು ಪ್ರಮಾಣಗಳಲ್ಲಿ ಮೊದಲ ದಿನದ ವಾಕರಿಕೆಯನ್ನು ಹೆಚ್ಚು ತಗ್ಗಿಸಿದುದು ಅರ್ಧ ಮತ್ತು 1 ಗ್ರಾಂ. ಪ್ರಮಾಣ ಹೆಚ್ಚಿದಂತೆ ಗುಣವೂ ಹೆಚ್ಚುವುದೆಂಬ ಸಾಮಾನ್ಯ ನಂಬಿಕೆ ಇಲ್ಲಿ ನಿಲ್ಲಲಿಲ್ಲ.

ಜೀರ್ಣಕ್ರಿಯೆಗೆ ಸಂಬಂಧಿಸಿಯೂ ಆಧಾರಗಳಿವೆ. ತೈವಾನಿನಲ್ಲಿ 24 ಆರೋಗ್ಯವಂತರ ಮೇಲೆ ನಡೆದ, 2008ರ ಪರೀಕ್ಷೆಯಲ್ಲಿ ಶುಂಠಿ ತೆಗೆದುಕೊಂಡಾಗ ಹೊಟ್ಟೆಯಲ್ಲಿನ ಆಹಾರ ಬೇಗನೆ ಮುಂದಕ್ಕೆ ಸಾಗಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇಲಿಗಳಿಗೆ ಸಾಂಬಾರ ಪದಾರ್ಥಗಳನ್ನು ತಿನ್ನಿಸಿ ನಡೆಸಿದ ಅಧ್ಯಯನಗಳಲ್ಲಿ, ಜಿಡ್ಡನ್ನು ಜೀರ್ಣಿಸುವ ಕಿಣ್ವದ ಕ್ರಿಯೆಯನ್ನು ಶುಂಠಿ ಹೆಚ್ಚಿಸುವುದು ಕಂಡುಬಂದಿತು. ಊಟದೊಡನೆ ಶುಂಠಿಯನ್ನು ಹೇಳಿದ ಪರಂಪರೆಗೆ ಇವು ಪೋಷಕವಾಗಿವೆ. ಮೊಣಕಾಲಿನ ಸಂಧಿನೋವಿನಲ್ಲಿಯೂ ಸ್ವಲ್ಪಮಟ್ಟಿನ ಉಪಶಮನ ಕಂಡುಬಂದಿದೆ. ಆದರೆ ಅದು ಅಲ್ಪಪ್ರಮಾಣದ್ದು.

ಮಿತಿಯೆಲ್ಲಿ?

ಇಷ್ಟರಿಂದ ಶುಂಠಿ ಸರ್ವರೋಗಹರವೆಂದು ಸಾರುವುದು ಸುಲಭ. ಅಪಾಯವಿರುವುದು ಅಲ್ಲಿಯೇ. ಶುಂಠಿಯು ಕ್ಯಾನ್ಸರ್ ಔಷಧಕ್ಕಿಂತ ಹತ್ತು ಸಾವಿರ ಪಟ್ಟು ಬಲವುಳ್ಳದ್ದೆಂಬ ಮಾತು ಕೆಲವು ವರ್ಷಗಳಿಂದ ಎಲ್ಲೆಡೆ ಹರಡಿದೆ. ಇದರ ಮೂಲ 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಒಂದು ಬಗೆಯ ಜೀವಕೋಶಗಳ ಮೇಲೆ ಶುದ್ಧ ಶೋಗಾವೋಲನ್ನು ಸುರಿದು ನೋಡಿದ ಪರೀಕ್ಷೆ ಅದು; ಅದರಲ್ಲಿ ರೋಗಿಗಳು ಯಾರೂ ಇರಲಿಲ್ಲ.

ತಟ್ಟೆಯಿಂದ ದೇಹಕ್ಕೆ ದಾರಿ ದೂರ. 2008ರಲ್ಲಿ ಅಮೆರಿಕೆಯಲ್ಲಿ 27 ಆರೋಗ್ಯವಂತರಿಗೆ 100 ಮಿಲಿಗ್ರಾಮಿನಿಂದ 2 ಗ್ರಾಮಿನವರೆಗೆ ಶುಂಠಿಯ ಸಾರವನ್ನು ಕೊಟ್ಟು ರಕ್ತವನ್ನು ಪರೀಕ್ಷಿಸಲಾಯಿತು. ಸ್ವತಂತ್ರರೂಪದ ಜಿಂಜೆರಾಲ್ ಆ ರಕ್ತದಲ್ಲಿ ದೊರೆಯಲಿಲ್ಲ. ದೇಹವು ಅದನ್ನು ಬೇರೆ ದ್ರವ್ಯಗಳೊಡನೆ ಜೋಡಿಸಿ, ಹೊರಹಾಕಲು ಸಿದ್ಧಗೊಳಿಸಿದ ರೂಪದಲ್ಲಿಯೇ ದೊರೆಯಿತು. ಮುಂದೆ ಹೆಚ್ಚು ಸೂಕ್ಷ್ಮವಾದ ವಿಧಾನಗಳಿಂದ ಸ್ವತಂತ್ರರೂಪದ ಖಾರದ್ರವ್ಯಗಳು ಅತ್ಯಲ್ಪವಾಗಿ ಕಂಡುಬಂದವು. ತಟ್ಟೆಯ ಜೀವಕೋಶಕ್ಕೆ ಸುರಿದಷ್ಟು ದ್ರವ್ಯ ಕುಡಿದ ಕಷಾಯದಿಂದ ದೇಹದ ಜೀವಕೋಶಕ್ಕೆ ಮುಟ್ಟುವುದೆಂದು ತಿಳಿಯುವುದು ತಪ್ಪು.

ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಸಂಸ್ಥೆಯಿದೆ. ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಅಂತಹ ರೋಗಿಯೊಬ್ಬನು ವೈದ್ಯರಿಗೆ ತಿಳಿಸಿ, ವಾಕರಿಕೆಯ ಉಪಶಮನಕ್ಕಾಗಿ ಶುಂಠಿಯನ್ನು ಚಿಕಿತ್ಸೆಯ ಜೊತೆಗೆ ತೆಗೆದುಕೊಂಡರೆ ಅದಕ್ಕೆ ಆಧಾರವಿದೆ. ಅದೇ ರೋಗಿ ಶುಂಠಿಯನ್ನು ನೆಚ್ಚಿ ಚಿಕಿತ್ಸೆಯನ್ನೇ ಮುಂದೂಡಿದರೆ, ಗುಣವಾಗಬಹುದಾಗಿದ್ದ ರೋಗ ಕೈಮೀರಿ ಹೋಗುತ್ತದೆ. ‘ಜೊತೆಗೆ’ ಮತ್ತು ‘ಬದಲಾಗಿ’ ಎಂಬ ಎರಡು ಶಬ್ದಗಳ ನಡುವಿನ ಅಂತರ ಇಲ್ಲಿ ಪ್ರಾಣದ ಅಂತರ.

2020ರ ಸಾಂಕ್ರಾಮಿಕದ ದಿನಗಳಲ್ಲಿ ಕಷಾಯದ ಬಳಕೆ ಮನೆಮನೆಗೂ ಹಬ್ಬಿತು. ಕೇಂದ್ರದ ಆಯುಷ್ ಮಂತ್ರಾಲಯವು ಆ ವರ್ಷದ ಮಾರ್ಚ್ ತಿಂಗಳಲ್ಲಿ ತುಳಸಿ, ದಾಲ್ಚಿನ್ನಿ, ಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ಸೂಚಿಸಿದ್ದುದು ನಿಜ. ಆದರೆ ಅದು ಕೋವಿಡ್ ರೋಗಕ್ಕೆ ಚಿಕಿತ್ಸೆಯೆಂದು ತಾನು ಹೇಳುವುದಿಲ್ಲವೆಂದು ಆ ಸೂಚನೆಯಲ್ಲಿಯೇ ಬರೆದಿತ್ತು. ಜನರು ಮೊದಲ ಭಾಗವನ್ನು ಉಳಿಸಿಕೊಂಡು ಕೊನೆಯ ಸಾಲನ್ನು ಬಿಟ್ಟರು. ಭಾವಪ್ರಕಾಶದ ಪ್ರಶಂಸೆಯನ್ನು ನೆನೆದು ನಿಷೇಧವನ್ನು ಮರೆತಂತೆಯೇ ಇದೂ ಆಯಿತು.

ಶುಂಠಿಯನ್ನು ಔಷಧದ ಪ್ರಮಾಣದಲ್ಲಿ ಬಳಸುವಾಗ ಕೆಲವರು ಎಚ್ಚರ ವಹಿಸಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮೊದಲಾದ ಔಷಧ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ಹೋಗುವವರು, ಪಿತ್ತಕೋಶದಲ್ಲಿ ಹರಳಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ರಕ್ತಸ್ರಾವದ ವ್ಯಾಧಿಯಾದ ರಕ್ತಪಿತ್ತದಲ್ಲಿ ಆರ್ದ್ರಕವನ್ನು ಬಿಡಬೇಕೆಂದ ಭಾವಮಿಶ್ರನ ಮಾತನ್ನು ಇಲ್ಲಿ ನೆನೆಯಬಹುದು. ಇಬ್ಬರ ತರ್ಕದ ಹಾದಿ ಬೇರೆಯಾದರೂ ಎಚ್ಚರಿಕೆಯ ದಿಕ್ಕು ಒಂದೇ ಆಗಿದೆ. ಅತಿಯಾದರೆ ಎದೆಯುರಿ, ಹೊಟ್ಟೆಯುರಿಗಳು ಯಾರಿಗಾದರೂ ಬರುತ್ತವೆ.

ಮನೆಯ ಬಳಕೆ

ಹಸಿ ಗಡ್ಡೆಯ ತೈಲಕೋಶಗಳು ಸಿಪ್ಪೆಯ ಒಳಮಗ್ಗುಲಲ್ಲಿಯೇ ಹೆಚ್ಚಾಗಿರುವುದರಿಂದ ಅದನ್ನು ದಪ್ಪವಾಗಿ ಹೆರೆಯದೆ ತೆಳ್ಳಗೆ ಕೆರೆಯುವುದು ಲೇಸು. ಕಷಾಯವನ್ನು ಮುಚ್ಚಿಟ್ಟು ಕುದಿಸಿದರೆ ಕಂಪಿನ ತೈಲ ಆವಿಯಾಗಿ ಹೋಗುವುದು ತಪ್ಪುತ್ತದೆ. ಖಾರದ ದ್ರವ್ಯಗಳು ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುತ್ತವೆ. ಶುಂಠಿಯನ್ನು ತುಪ್ಪದೊಡನೆ ಕೊಡುವ ರೂಢಿ ಇದಕ್ಕೆ ಹೊಂದಿಕೆಯಾಗಿದೆ. ಅಂಗಡಿಯಲ್ಲಿ ಸುಣ್ಣ ಹಿಡಿಸಿ ಬೆಳ್ಳಗೆ ಮಾಡಿದ ಶುಂಠಿಗಿಂತ ಸಹಜವಾದ ಕಂದುಬಣ್ಣದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪುಡಿ ಮಾಡಿಟ್ಟರೆ ಕಂಪೂ ಖಾರವೂ ಬೇಗ ಕುಂದುವುದರಿಂದ ಬೇಕಾದಾಗ ಬೇಕಾದಷ್ಟನ್ನೇ ಕುಟ್ಟಿಕೊಳ್ಳಬೇಕು.

ಪ್ರಮಾಣದ ವಿಷಯದಲ್ಲಿ, ಪರೀಕ್ಷೆಗಳಲ್ಲಿ ಬಳಸಿದ 1 ಗ್ರಾಂ ಎಂದರೆ ಸುಮಾರು ಅರ್ಧ ಚಹಾಚಮಚದಷ್ಟು ಪುಡಿ. ತೂಕದ ಲೆಕ್ಕದಲ್ಲಿ ಇದು ಸುಮಾರು 5 ಗ್ರಾಂ ಹಸಿ ಗಡ್ಡೆಗೆ ಸಮ. ಗುಣದ ಲೆಕ್ಕದಲ್ಲಿ ಸಮವಲ್ಲ. ಏಕೆಂದರೆ ಒಂದರಲ್ಲಿ ಶೋಗಾವೋಲ್ ಇದೆ, ಮತ್ತೊಂದರಲ್ಲಿ ಇಲ್ಲವೆಂಬಷ್ಟು ಕಡಿಮೆ.

ಪರಂಪರೆಯನ್ನು ಗೌರವಿಸುವುದೆಂದರೆ ಅದರ ಪ್ರಶಂಸಾವಾಕ್ಯಗಳನ್ನು ದೊಡ್ಡದಾಗಿ ಓದುವುದಲ್ಲ. ದ್ರವ್ಯಕ್ಕೆ ತಕ್ಕ ಹೆಸರು, ರೋಗಿಗೆ ತಕ್ಕ ಪ್ರಮಾಣ, ಋತುವಿಗೆ ತಕ್ಕ ಬಳಕೆ, ಬೇಡವಾದೆಡೆ ಬಿಡುವ ಧೈರ್ಯ ಇವು ಆ ಪರಂಪರೆಯ ನಿಜವಾದ ಸತ್ತ್ವ. ಹಸಿಯದನ್ನೂ ಒಣಗಿದುದನ್ನೂ ಒಂದೇ ಎನ್ನದ ಜನರು, ಔಷಧವನ್ನೂ ಉಪೌಷಧವನ್ನೂ ಒಂದೇ ಎನ್ನಬಾರದು. ಜ್ವರ ಮೂರು ದಿನ ಇಳಿಯದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ತೂಕ ಕಾರಣವಿಲ್ಲದೆ ಇಳಿದರೆ, ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಿ ವೈದ್ಯರ ಬಳಿ ಹೋಗಬೇಕು. ಗುಣವಾಗಿ ಮರಳಿದವನಿಗೆ ಅಲ್ಲದ ಚಹವೂ ಶುಂಠಿಯ ಕಷಾಯವೂ ಮನೆಯಲ್ಲಿ ಇದ್ದೇ ಇರುತ್ತವೆ.